ಘಾಟ್ ಹತ್ತುವಾಗ ಮಾತ್ರ ಪಿಕಪ್ ಹೋಗುತ್ತದೆ, ಸೆನ್ಸರ್ ಬದಲಿಸಿದರೂ ಅದೇ ಕಥೆ. ವೈರಿಂಗ್ ಗೊತ್ತಿರುವವರು ಹೇಳಿ

ಶಿರಾಡಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ಚಕ್ರದ ಗಾಡಿ, ಬಿಎಸ್6, 2021ರ ಮಾಡೆಲ್. ಹಾಸನದಿಂದ ಮಂಗಳೂರಿಗೆ ವಾರಕ್ಕೆ ಎರಡು ಟ್ರಿಪ್. ವಾಪಸ್ ಬರುವಾಗ ಬಂದರಿನಿಂದ ಗೊಬ್ಬರದ ಲೋಡ್ ಇರುತ್ತದೆ.

ಮೂರು ತಿಂಗಳಿಂದ ಒಂದು ಕಾಟ. ಗುಂಡ್ಯ ದಾಟಿ ಘಾಟ್ ಹತ್ತುವಾಗ, ಲೋಡಿನಲ್ಲಿ, ಸಣ್ಣ ಗೇರಿನಲ್ಲಿ, ಇದ್ದಕ್ಕಿದ್ದಂತೆ ಪಿಕಪ್ ಹೋಗುತ್ತದೆ. ಎಂಜಿನ್ ಲೈಟ್ ಹತ್ತುತ್ತದೆ. ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಹೋಗುತ್ತದೆ. ಬಯಲಲ್ಲಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಡೀಸೆಲ್ ಫಿಲ್ಟರ್ ಎರಡೂ ಬದಲಿಸಿದೆ. ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನ್ ಮಾಡಿ ರೈಲ್ ಪ್ರೆಷರ್ ಸೆನ್ಸರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್ಲಿನ ಒತ್ತಡ ನೋಡುವುದು) ಅಂದರು. ಹಾಕಿಸಿದೆ. ಎರಡು ಟ್ರಿಪ್ ಚೆನ್ನಾಗಿತ್ತು, ಮೂರನೆಯದರಲ್ಲಿ ಅದೇ ತಿರುವಿನ ಹತ್ತಿರ ಅದೇ ಕಥೆ. ಈಗ ಡೀಸೆಲ್ ಪಂಪ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಪಂಪಿನ ರೇಟು ಕೇಳಿ ಎರಡು ರಾತ್ರಿ ನಿದ್ದೆ ಬಂದಿಲ್ಲ.

ನಿನ್ನೆ ಕ್ಯಾಬಿನ್ ಎತ್ತಿ ನೋಡಿದೆ. ಜಡೆ ಜಡೆಯಾಗಿ ಕಪ್ಪು ಪೈಪಿನೊಳಗೆ ವೈರು. ಎಲ್ಲಿಂದ ಶುರು, ಎಲ್ಲಿ ಕೊನೆ ಅಂತಲೇ ಗೊತ್ತಾಗುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಹಳೇ ಪಾನಾ

ತಮ್ಮಾ, ಲೋಡಿನಲ್ಲಿ ಮಾತ್ರ ಪಿಕಪ್ ಹೋದರೆ ಡೀಸೆಲ್ ಸಾಲುತ್ತಿಲ್ಲ ಅಂತಲೇ ಅರ್ಥ. ಟ್ಯಾಂಕ್ ಒಳಗಿನ ಜಾಲರಿ ನೋಡು. ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡು. ಮೂವತ್ತು ವರ್ಷದಿಂದ ಇದೇ ನೋಡಿದ್ದೇನೆ. ವೈರಿಂಗ್ ಆಮೇಲೆ.

ಇಪ್ಪತ್ನಾಲ್ಕು ವೋಲ್ಟ್

ಪಾನಾ ಅಣ್ಣ ಹೇಳಿದ್ದನ್ನು ತಳ್ಳಿಹಾಕುವುದಿಲ್ಲ. ಆದರೆ ಡೀಸೆಲ್ ಸಾಲದಿದ್ದರೆ ನಿಧಾನಕ್ಕೆ ಏದುಸಿರು ಬಿಡುತ್ತದೆ, ಇಲ್ಲಿ ಸ್ವಿಚ್ ಆಫ್ ಮಾಡಿದ ಹಾಗೆ ಹೋಗುತ್ತಿದೆ. ಕೀ ಆಫ್ ಮಾಡಿದರೆ ಸರಿಯೂ ಆಗುತ್ತಿದೆ. ನನಗೆ ವೈರಿನ ವಾಸನೆ ಬರುತ್ತಿದೆ.

ಸವಾರರೇ, ಒಂದು ಪ್ರಶ್ನೆ. ಸ್ಕ್ಯಾನ್ ಮಾಡಿದಾಗ ಕೋಡ್ ಒಂದೇ ಬಂದಿತ್ತಾ, ಜಾಸ್ತಿ ಇದ್ದವಾ? ನಂಬರ್ ಬರೆದುಕೊಂಡಿದ್ದೀರಾ?

ಶಿರಾಡಿ ಸವಾರ

ಅವರು ಹೇಳಿದ್ದು ಒಂದೇ. ಆದರೆ ಸ್ಕ್ರೀನಿನ ಫೋಟೋ ತೆಗೆದಿದ್ದೆ, ಈಗ ಹುಡುಕಿ ನೋಡಿದೆ. ಎರಡಿವೆ. ಎಸ್‌ಪಿಎನ್ 157 ಎಫ್‌ಎಂಐ 4. ಎಸ್‌ಪಿಎನ್ 102 ಎಫ್‌ಎಂಐ 4. ಎರಡನೆಯದನ್ನು ಸುಮ್ನೆ ಅಳಿಸಿಬಿಟ್ಟರು, ಅದು ಹಳೇದಿರಬೇಕು ಅಂದರು.

ಇಪ್ಪತ್ನಾಲ್ಕು ವೋಲ್ಟ್

ಇಲ್ಲೇ ಇದೆ ನೋಡಿ ಮಜಾ. ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದಿ.

ಎಸ್‌ಪಿಎನ್ ಅಂದರೆ ಯಾವ ಜಾಗ. 157 ರೈಲ್ ಪ್ರೆಷರ್, 102 ಟರ್ಬೊದಿಂದ ಬರುವ ಗಾಳಿಯ ಒತ್ತಡ, ಅಂದರೆ ಬೂಸ್ಟ್. ಎಫ್‌ಎಂಐ ಅಂದರೆ ಅಲ್ಲಿ ಏನಾಯಿತು ಅಂತ. 3 ಅಂದರೆ ವೋಲ್ಟೇಜು ಇರಬೇಕಾದ್ದಕ್ಕಿಂತ ಮೇಲೆ, 4 ಅಂದರೆ ಕೆಳಗೆ, 5 ಅಂದರೆ ಕರೆಂಟೇ ಹರಿಯುತ್ತಿಲ್ಲ, ಎಲ್ಲೋ ತುಂಡಾಗಿದೆ. ಪಂಪ್ ಸೋತು ಒತ್ತಡ ನಿಜವಾಗಿ ಬಿದ್ದಿದ್ದರೆ ಬರುವ ಕೋಡ್ ಬೇರೆ. ಎಫ್‌ಎಂಐ 4 ಹೇಳುತ್ತಿರುವುದು ಒತ್ತಡದ ಕಥೆಯನ್ನಲ್ಲ, ವೈರಿನಲ್ಲಿ ವೋಲ್ಟೇಜು ಸತ್ತುಹೋಯಿತು ಅಂತ. ಬಹಳ ಜನ ಸೆನ್ಸರಿನ ಹೆಸರು ಓದಿ ಅಲ್ಲೇ ನಿಲ್ಲುತ್ತಾರೆ. ಪಕ್ಕದ ನಂಬರ್ ಓದುವುದಿಲ್ಲ.

ಈಗ ಎರಡು ಸೆನ್ಸರ್ ಒಂದೇ ಸಲಕ್ಕೆ ಹಾಳಾಗುತ್ತವಾ? ಆಗಬಹುದು, ಒಂದೇ ದಿನ ಇಬ್ಬರಿಗೆ ಲಾಟರಿ ಹೊಡೆದ ಹಾಗೆ. ಎರಡಕ್ಕೂ ಸೇರಿದ್ದು ಏನಾದರೂ ಇದೆಯಾ ಅಂತ ನೋಡಬೇಕು. ಇದೆ, 5 ವೋಲ್ಟ್. ಗಾಡಿಯ ಬ್ಯಾಟರಿ 24 ವೋಲ್ಟ್ ಇದ್ದರೂ ಇಂಥ ಸೆನ್ಸರ್‌ಗಳಿಗೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕೊಡುವುದು 5 ವೋಲ್ಟ್. ಮೂರು ವೈರು: 5 ವೋಲ್ಟ್, ಅರ್ಥ್, ಮಧ್ಯೆ ಸಿಗ್ನಲ್. ಒತ್ತಡ ಇಲ್ಲದಾಗ ಸಿಗ್ನಲ್ ಅರ್ಧ ವೋಲ್ಟ್ ಆಸುಪಾಸು, ಪೂರ್ತಿ ಒತ್ತಡದಲ್ಲಿ ನಾಲ್ಕೂವರೆ. ಇಸಿಯು ಒಳಗೆ ಈ 5 ವೋಲ್ಟಿನ ಲೈನ್ ಎರಡೋ ಮೂರೋ ಇರುತ್ತವೆ, ಒಂದೊಂದು ಲೈನಿನಲ್ಲಿ ಎರಡು ಮೂರು ಸೆನ್ಸರ್ ನೇತಾಡುತ್ತವೆ. ಅದರಲ್ಲಿ ಒಂದು ವೈರು ಕಬ್ಬಿಣಕ್ಕೆ ತಾಗಿದರೂ ಆ ಲೈನಿನಲ್ಲಿರುವ ಎಲ್ಲರೂ ಮಲಗುತ್ತಾರೆ. ಓಣಿಯ ಒಂದು ಮನೆಯಲ್ಲಿ ಶಾರ್ಟ್ ಆಗಿ ಇಡೀ ಓಣಿಯ ಫ್ಯೂಸ್ ಹೋದ ಹಾಗೆ.

ಘಾಟಿನಲ್ಲೇ ಯಾಕೆ? ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಲೋಡಿನಲ್ಲಿ ಏರು ಹತ್ತುವಾಗ ಎಂಜಿನ್ ಒಂದು ಮಗ್ಗುಲಿಗೆ ತಿರುಚಿಕೊಳ್ಳುತ್ತದೆ. ನಿಂತಲ್ಲೇ ರೇಸ್ ಕೊಟ್ಟರೆ ಅಷ್ಟು ತಿರುಚುವುದಿಲ್ಲ. ವರ್ಕ್‌ಶಾಪಿನ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಎಷ್ಟು ನೋಡಿದರೂ ಎಲ್ಲಾ ಸರಿ ಅಂತಲೇ ಕಾಣುತ್ತದೆ, ಅಲ್ವಾ?

ಹಳೇ ಪಾನಾ

ಎಂಜಿನ್ ತಿರುಚುವ ಮಾತು ಒಪ್ಪಿದೆ. ಹಳೇ ಗಾಡಿಗಳಲ್ಲಿ ಸೈಲೆನ್ಸರ್ ಪೈಪ್ ಹಾಗೇ ಒಡೆಯುತ್ತಿತ್ತು. ಆದರೂ ಜಾಲರಿ ನೋಡಲಿ, ಖರ್ಚಿಲ್ಲ.

ಕ್ಲೀನರ್ ಆಗಿದ್ದವ

ಗುರುಗಳೇ, ಈ ಜಡೆಯನ್ನು ಓದುವುದು ಹೇಗೆ ಅಂತಲೂ ಹೇಳಿ. ನಾನು ಈಗಷ್ಟೇ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿದ್ದೇನೆ.

ಇಪ್ಪತ್ನಾಲ್ಕು ವೋಲ್ಟ್

ಜಡೆ ಅಂದರಲ್ಲ, ಅದೇ ಸರಿ. ಮೂರು ಕಾಲಿನ ಜಡೆ. ಎಂಜಿನ್ ಹಾರ್ನೆಸ್, ಚಾಸಿ ಹಾರ್ನೆಸ್, ಕ್ಯಾಬಿನ್ ಹಾರ್ನೆಸ್. ಇಂಜೆಕ್ಟರ್, ರೈಲ್ ಸೆನ್ಸರ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್, ಕೂಲೆಂಟ್ ಬಿಸಿ ನೋಡುವುದು, ಇವೆಲ್ಲ ಎಂಜಿನಿನದು. ಹೊಗೆ ಶುದ್ಧ ಮಾಡುವ ಯೂರಿಯಾದ ಟ್ಯಾಂಕ್, ಸೈಲೆನ್ಸರಿನಲ್ಲಿ ಹೊಗೆಯ ನಾಕ್ಸ್ ಅನಿಲ ಅಳೆಯುವ ನಾಕ್ಸ್ ಸೆನ್ಸರ್, ಹಿಂದಿನ ಲೈಟು ಚಾಸಿಯದು. ಎಕ್ಸಲೇಟರ್ ಪೆಡಲ್, ಮೀಟರ್ ಬೋರ್ಡ್ ಕ್ಯಾಬಿನಿನದು. ಈ ಮೂರೂ ದೊಡ್ಡ ದೊಡ್ಡ ಕಪ್ಲರ್‌ಗಳಲ್ಲಿ ಕೂಡುತ್ತವೆ. ಇವುಗಳ ಜೊತೆಗೆ ಸೆಲ್ಫ್ ಮೋಟರ್‌ಗೆ, ಡೈನಮೋಗೆ ಹೋಗುವ ಹೆಬ್ಬೆರಳು ದಪ್ಪದ ಕೇಬಲ್. ಅದನ್ನು ಬೇರೆ ಜಾತಿ ಅಂತಲೇ ಲೆಕ್ಕ ಹಾಕು.

ಓದುವುದನ್ನು ಸೆನ್ಸರ್ ತುದಿಯಿಂದ ಶುರು ಮಾಡು, ಇಸಿಯು ಕಡೆಯಿಂದ ಬೇಡ. ಸೆನ್ಸರಿನ ಕಪ್ಲರ್‌ನಲ್ಲಿ ಎಷ್ಟು ವೈರು ಅಂತ ಎಣಿಸು. ಎರಡಿದ್ದರೆ ಬಿಸಿ ನೋಡುವ ಸೆನ್ಸರ್, ಇಲ್ಲಾ ಕಾಯಿಲ್ ಇರುವ ಸ್ಪೀಡ್ ಸೆನ್ಸರ್, ಇಲ್ಲಾ ವಾಲ್ವ್ ಅಥವಾ ಇಂಜೆಕ್ಟರ್. ಮೂರಿದ್ದರೆ ಒತ್ತಡದ್ದು, ಇಲ್ಲಾ ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್. ನಾಲ್ಕಿದ್ದರೆ ಒತ್ತಡ ಮತ್ತು ಬಿಸಿ ಎರಡೂ ಸೇರಿದ್ದು. ಪೆಡಲ್‌ಗೆ ಸಾಮಾನ್ಯವಾಗಿ ಆರು, ಯಾಕೆಂದರೆ ಅಲ್ಲಿ ಎರಡು ಸೆನ್ಸರ್ ಒಂದನ್ನೊಂದು ಕಾಯುತ್ತವೆ.

ಜಡೆ ಹೆಣೆದ ಹಾಗೆ ಸುತ್ತಿಕೊಂಡ ಎರಡು ವೈರು ಕಂಡರೆ ಅದು ಕ್ಯಾನ್ ಲೈನ್, ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ದಾರಿ. ಅದನ್ನು ಬಿಚ್ಚಿ ನೇರ ಮಾಡಿ ಟೇಪ್ ಸುತ್ತಬೇಡ. ಆ ಸುತ್ತು ಇರುವುದು ಅಂದಕ್ಕಲ್ಲ. ಪಕ್ಕದ ವೈರಿನ ಗದ್ದಲ ಎರಡರ ಮೇಲೂ ಒಂದೇ ಸಮ ಬೀಳಲಿ ಅಂತ.

ಇಂಜೆಕ್ಟರ್ ವೈರಿಗೆ ಎಂಜಿನ್ ಓಡುತ್ತಿರುವಾಗ ಕೈ ಹಾಕಬೇಡ. ಇಸಿಯು ಅದಕ್ಕೆ ಬ್ಯಾಟರಿಗಿಂತ ತುಂಬಾ ಜಾಸ್ತಿ ವೋಲ್ಟೇಜಿನ ಹೊಡೆತ ಕೊಡುತ್ತದೆ.

ಬಂದರು ಗಾಡಿ

ನಮ್ಮ ಕಡೆ ಕಥೆಯೇ ಬೇರೆ ಮಾರಾಯ್ರೇ. ಮೀನಿನ ಲೋಡು, ಉಪ್ಪು ಗಾಳಿ. ಕಪ್ಲರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ವೈರನ್ನು ನಾಲ್ಕಿಂಚು ಹಿಂದಕ್ಕೆ ಸೀಳಿ ನೋಡಿದರೆ ಒಳಗಿನ ತಾಮ್ರವೂ ಕಪ್ಪು.

ಇದಕ್ಕೆ ಅರ್ಧ ಕಾರಣ ಟೆಸ್ಟ್ ಲ್ಯಾಂಪಿನ ಸೂಜಿ. ಕರೆಂಟ್ ಬರುತ್ತದಾ ನೋಡೋಣ ಅಂತ ವೈರಿಗೆ ಚುಚ್ಚುತ್ತಾರೆ. ಆ ತೂತಿನಿಂದ ನೀರು ಹೋಗಿ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಗಳ ಮಧ್ಯೆ ಹತ್ತುತ್ತದೆ. ಚುಚ್ಚಿದವರು ಇಂದು, ಅನುಭವಿಸುವವರು ಮುಂದಿನ ಮಳೆಗಾಲದಲ್ಲಿ.

ಇನ್ನರ್ಧ ವಾಟರ್ ಸರ್ವೀಸ್. ಪ್ರೆಷರ್ ಗನ್ ಹಿಡಿದು ನೇರ ಕಪ್ಲರ್ ಬಾಯಿಗೇ ಹೊಡೆಯುತ್ತಾರೆ. ರಬ್ಬರ್ ಸೀಲ್ ಮಳೆಯನ್ನು ತಡೆಯುತ್ತದೆ, ಗನ್ನನ್ನು ಎಷ್ಟೆಂದು ತಡೆಯುವುದು?

ಅದಿರು ಲೋಡ್

ಸಂಡೂರು ಕಡೆ ನೀರಿಲ್ಲ, ಕೆಂಪು ಧೂಳು. ಕಪ್ಲರ್ ಲಾಕ್ ಒಳಗೆ ಧೂಳು ಗಟ್ಟಿಯಾಗಿ ಲಾಕ್ ಎದ್ದೇಳುವುದಿಲ್ಲ. ಹುಡುಗರು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿ ಮುರಿಯುತ್ತಾರೆ, ಆಮೇಲೆ ಟೇಪ್ ಸುತ್ತುತ್ತಾರೆ. ಲಾಕ್ ಇಲ್ಲದ ಕಪ್ಲರ್ ಗಣಿ ರಸ್ತೆಯಲ್ಲಿ ಸಣ್ಣಗೆ ಅಲ್ಲಾಡುತ್ತಲೇ ಇರುತ್ತದೆ. ಬಿಚ್ಚಿಕೊಳ್ಳುವುದೂ ಇಲ್ಲ, ಸರಿಯಾಗಿ ಕೂರುವುದೂ ಇಲ್ಲ. ಪಿನ್ನು ಪಿನ್ನು ತಿಕ್ಕಿ ತವರದ ಲೇಪ ಹೋಗಿ ಕಪ್ಪು ಪುಡಿ. ಕಪ್ಲರ್ ಒಮ್ಮೆ ಬಿಚ್ಚಿ ಹಾಕಿದರೆ ಸರಿಹೋಗುತ್ತದೆ, ಯಾಕೆಂದರೆ ಆ ತಿಕ್ಕಾಟದಲ್ಲಿ ಪಿನ್ನು ಸ್ವಚ್ಛ ಆಗುತ್ತದೆ. ಎರಡು ವಾರಕ್ಕೆ ಮತ್ತೆ ಅದೇ.

ಸವಾರ ಅವರಿಗೆ ಹೊಸ ಸೆನ್ಸರ್ ಹಾಕಿದ ಮೇಲೆ ಎರಡು ಟ್ರಿಪ್ ಸರಿ ಇತ್ತು ಅಂದರಲ್ಲ. ಸೆನ್ಸರ್ ಹೊಸದು ಅಂತಲ್ಲ, ಅದನ್ನು ಹಾಕುವಾಗ ಜಡೆಯನ್ನು ಯಾರೋ ಸ್ವಲ್ಪ ಎಳೆದು ಪಕ್ಕಕ್ಕೆ ಸರಿಸಿದ್ದಾರೆ ಅಂತ ನನ್ನ ಅನುಮಾನ.

ಶಿರಾಡಿ ಸವಾರ

ಹೌದಲ್ವಾ! ಇದು ಹೊಳೆದಿರಲಿಲ್ಲ. ಭಾನುವಾರ ಗಾಡಿ ಮನೆಯಲ್ಲಿ ಇರುತ್ತದೆ. ಮಲ್ಟಿಮೀಟರ್ ತಂದಿದ್ದೇನೆ. ಏನು ಮಾಡಲಿ, ಹೇಳಿ.

ಇಪ್ಪತ್ನಾಲ್ಕು ವೋಲ್ಟ್

ಮೊದಲು ಕಣ್ಣು, ಆಮೇಲೆ ಮೀಟರ್. ಕ್ಯಾಬಿನ್ ಎತ್ತಿ, ಲಾಕ್ ಭದ್ರ ಮಾಡಿ. ಜಡೆ ಎಂಜಿನ್ ಬಿಟ್ಟು ಚಾಸಿಗೆ ದಾಟುವ ಜಾಗ, ಬ್ರಾಕೆಟ್ ಪಕ್ಕದಲ್ಲಿ ಬಗ್ಗುವ ಜಾಗ, ಕ್ಲಿಪ್ ಮುರಿದಿರುವ ಜಾಗ, ಟರ್ಬೊ ಹತ್ತಿರ ಪೈಪ್ ಸುಟ್ಟು ಗಟ್ಟಿಯಾಗಿರುವ ಜಾಗ. ಕಪ್ಪು ಪೈಪಿನ ಮೇಲೆ ಹೊಳೆಯುವ ಗೆರೆ ಕಂಡರೆ ಅಲ್ಲಿ ಏನೋ ತಿಕ್ಕುತ್ತಿದೆ. ಪೈಪಿಗೆ ಉದ್ದಕ್ಕೂ ಸೀಳು ಇರುತ್ತದೆ, ಅದನ್ನು ಬಿಡಿಸಿ ಒಳಗೆ ನೋಡಿ.

ಆಮೇಲೆ ರೈಲ್ ಸೆನ್ಸರಿನ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, 5 ವೋಲ್ಟ್ ಮತ್ತು ಅರ್ಥ್ ಪಿನ್ನಿನ ಮಧ್ಯೆ ಮೀಟರ್ ಇಡಿ. ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಜಡೆಯನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತಾ ಹೋಗಲಿ. 5 ಇದ್ದದ್ದು ಎಲ್ಲಿ ಕುಣಿಯುತ್ತದೋ ಅಲ್ಲೇ ಕಳ್ಳ.

ಮೀಟರಿನ ದಪ್ಪ ಮೊನೆಯನ್ನು ಹೆಣ್ಣು ಪಿನ್ನಿನೊಳಗೆ ತುರುಕಬೇಡಿ, ಬಾಯಿ ಅಗಲವಾಗಿ ಹಿಡಿತ ಹೋಗುತ್ತದೆ. ಅದೇ ಅಳತೆಯ ಗಂಡು ಪಿನ್ನಿಗೆ ಚಿಕ್ಕ ವೈರು ಹಾಕಿ ಅದರಿಂದ ನೋಡಿ. 5 ವೋಲ್ಟಿನ ಲೈನಿಗೆ ಬಲ್ಬ್ ಟೆಸ್ಟ್ ಲ್ಯಾಂಪ್ ಹಚ್ಚಲೇಬೇಡಿ. ಇಸಿಯು ಬೆಲೆ ಕೇಳಿದರೆ ಪಂಪಿನ ಬೆಲೆ ಪ್ರಸಾದ ಅನಿಸುತ್ತದೆ.

ಕ್ಲೀನರ್ ಆಗಿದ್ದವ

ಬಲ್ಬ್ ಬೇಡ ಅಂದರೆ ಮೀಟರಿನಲ್ಲಿ ಬೀಪ್ ಬಂದರೆ ಸಾಕಲ್ವಾ? ವೈರು ಸರಿ ಅಂತ ತಾನೇ?

ಇಪ್ಪತ್ನಾಲ್ಕು ವೋಲ್ಟ್

ಸಾಲದು. ಹತ್ತೊಂಬತ್ತು ಎಳೆಯ ವೈರಿನಲ್ಲಿ ಹದಿನೆಂಟು ತುಂಡಾಗಿ ಒಂದು ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಮೀಟರ್ ಕಳಿಸುವ ಕರೆಂಟಿಗೆ ಒಂದು ಎಳೆ ಸಾಕು. ಅದೇ ವೈರಿನಲ್ಲಿ ವಾಲ್ವಿಗೋ ಇಸಿಯುಗೋ ಕರೆಂಟ್ ಹೋಗಬೇಕಾದಾಗ ಸೋಲುತ್ತದೆ. ಅದಕ್ಕೆ ಪವರ್ ಮತ್ತು ಅರ್ಥ್ ಲೈನನ್ನು ಮಾತ್ರ, ಇಸಿಯು ಕಪ್ಲರ್ ಬಿಚ್ಚಿಟ್ಟು, 24 ವೋಲ್ಟಿನ 21 ವಾಟ್ ಬಲ್ಬ್ ಹಾಕಿ ನೋಡಬೇಕು. ಹತ್ತತ್ತಿರ ಒಂದು ಆಂಪ್ ಎಳೆಯುತ್ತದೆ. ಬಲ್ಬ್ ಪೂರ್ತಿ ಉರಿದರೆ ವೈರು ಗಟ್ಟಿ, ಮಂಕಾದರೆ ಒಳಗೆ ಹುಳುಕು.

ಅರ್ಥ್ ಬಗ್ಗೆ ಇನ್ನೊಂದು. ಎಲ್ಲಾ ಕನೆಕ್ಷನ್ ಹಾಕಿದ್ದಂತೆಯೇ ಮೀಟರಿನ ಒಂದು ಮೊನೆ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಸೆಲ್ಫ್ ಹೊಡೆಯಿರಿ. ಒಂದು ವೋಲ್ಟ್ ದಾಟಿದರೆ ಬಾಡಿ ಅರ್ಥ್ ಕೇಬಲ್ ಬಿಚ್ಚಿ, ಪೇಂಟ್ ತುಕ್ಕು ಕೆರೆದು ಹಾಕಿ.

ಹಿಮದ ಹೆದ್ದಾರಿ

ನಾನು ಕೆನಡಾದಲ್ಲಿ ಟ್ರೈಲರ್ ಓಡಿಸುತ್ತೇನೆ, ಊರು ದಾವಣಗೆರೆ. ಇಲ್ಲಿ ದೊಡ್ಡ ಟ್ರಕ್ಕೂ 12 ವೋಲ್ಟ್. ಶತ್ರು ಮಾತ್ರ ಅದೇ, ಬಂದರಿನವರು ಹೇಳಿದ ಉಪ್ಪು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಹಾರ್ನೆಸ್ ತಿನ್ನುತ್ತದೆ.

ಕ್ಯಾನ್ ಲೈನ್ ನೋಡಲು ಒಂದು ಸುಲಭ ದಾರಿ. ಬ್ಯಾಟರಿ ಸ್ವಿಚ್ ಆಫ್ ಮಾಡಿ ಡಯಾಗ್ನೋಸ್ಟಿಕ್ ಸಾಕೆಟ್ಟಿನಲ್ಲಿ ಕ್ಯಾನ್‌ನ ಎರಡು ಪಿನ್ ಮಧ್ಯೆ ಓಂ ಅಳೆಯಿರಿ. ಲೈನಿನ ಎರಡೂ ತುದಿಯಲ್ಲಿ 120 ಓಂ ಇರುತ್ತದೆ, ಎರಡೂ ಸೇರಿ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಸೊನ್ನೆ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ. ನಮ್ಮಲ್ಲಿ ಒಂಬತ್ತು ಪಿನ್ನಿನ ದುಂಡು ಸಾಕೆಟ್, ಸಿ ಮತ್ತು ಡಿ. ಹದಿನಾರು ಪಿನ್ನಿನದಾದರೆ 6 ಮತ್ತು 14.

ಬಂದರು ಗಾಡಿ

ನಮ್ಮ ಇನ್ನೊಂದು ಗಾಡಿಯಲ್ಲಿ 120 ಬರುತ್ತದೆ ಮಾರಾಯ್ರೇ! ಯೂರಿಯಾ ಲೈಟು ಆಗಾಗ ಹತ್ತುತ್ತದೆ. ನಾಕ್ಸ್ ಸೆನ್ಸರ್ ಬದಲಿಸಿ ಅಂತ ವರ್ಕ್‌ಶಾಪಿನವರು ಹೇಳಿದ್ದಾರೆ.

ಇಪ್ಪತ್ನಾಲ್ಕು ವೋಲ್ಟ್

ಸೆನ್ಸರ್ ಆರ್ಡರ್ ಮಾಡುವ ಮುಂಚೆ ಯೂರಿಯಾ ಟ್ಯಾಂಕ್ ಹತ್ತಿರದ ಕಪ್ಲರ್ ಬಿಚ್ಚಿ. ಬಿಳಿ ಉಪ್ಪಿನ ಹರಳಿನ ಹಾಗೆ ಕಂಡರೆ ಅದು ಸೋರಿದ ಯೂರಿಯಾ ನೀರು ಒಣಗಿದ್ದು. ಅದಕ್ಕೆ ತಾಮ್ರ ಅಂದರೆ ಬಲು ಇಷ್ಟ, ತೆವಳಿಕೊಂಡು ಒಳಗೆ ಹೋಗುತ್ತದೆ. ಬಿಸಿನೀರಲ್ಲಿ ತೊಳೆದು ಒಣಗಿಸಿ ನೋಡಬಹುದು. ಪಿನ್ನು ತಿಂದುಹೋಗಿದ್ದರೆ ಪಿನ್ನನ್ನೇ ಬದಲಿಸಿ.

ಹಳೇ ಪಾನಾ

ಬದಲಿಸುವುದು ಅಂದರೆ ಸೋಲ್ಡರ್ ಹಾಕಬೇಕು. ನಾವು ಜಾಯಿಂಟ್‌ಗೆ ಯಾವತ್ತೂ ಸೋಲ್ಡರ್. ಕಿತ್ತುಬರುವ ಮಾತೇ ಇಲ್ಲ.

ಅದಿರು ಲೋಡ್

ಅಣ್ಣಾರೇ, ಜಾಯಿಂಟ್ ಕಿತ್ತುಬರುವುದಿಲ್ಲ, ನಿಜ. ಅದರ ಪಕ್ಕದಲ್ಲಿ ತುಂಡಾಗುತ್ತದೆ. ಸೀಸ ಎಳೆಗಳೊಳಗೆ ಇಳಿದು ಅಷ್ಟುದ್ದ ವೈರು ಕಡ್ಡಿಯಾಗುತ್ತದೆ. ಕಡ್ಡಿ ಮುಗಿದು ಮೆತ್ತಗೆ ಶುರುವಾಗುವ ಜಾಗದಲ್ಲೇ ಎಂಜಿನಿನ ನಡುಕ ಕೂರುತ್ತದೆ. ಮೀಟರ್ ಬೋರ್ಡ್ ಹಿಂದೆ ಸೋಲ್ಡರ್ ಆಗಬಹುದು. ಎಂಜಿನ್ ಮೇಲೆ ಒಳ್ಳೆ ಕ್ರಿಂಪು (ಲೋಹದ ತೋಳಿನೊಳಗೆ ವೈರು ಇಟ್ಟು ಒತ್ತಿ ಹಿಡಿಸುವುದು), ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್. ಹಲ್ಲಲ್ಲೋ ಇಕ್ಕಳದಲ್ಲೋ ಒತ್ತಿದ್ದು ಕ್ರಿಂಪ್ ಅಲ್ಲ, ಅದಕ್ಕೆ ಅದರದೇ ಪ್ಲೈಯರ್ ಬೇಕು.

ಹಳೇ ಪಾನಾ

ಹಲ್ಲಿನ ಮಾತು ಯಾಕೆ ತೆಗೆದೆ ಈಗ? ಮುಂದಿನ ಎರಡು ಹಲ್ಲು ಹೋಗಿದ್ದೇ ಹಾಗೆ.

ಶಿರಾಡಿ ಸವಾರ

ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಸಿಕ್ಕಿತು!

ಬಾಮೈದನನ್ನು ಮೀಟರ್ ಮುಂದೆ ಕೂರಿಸಿದೆ. ನಾನು ಅಲ್ಲಾಡಿಸುತ್ತಾ ಹೋದೆ. ರೈಲ್ ಸೆನ್ಸರ್ ಹತ್ತಿರ ಏನೂ ಇಲ್ಲ, 5.02 ಅಂತ ಕಲ್ಲಿನ ಹಾಗೆ ನಿಂತಿತ್ತು. ಅರ್ಧ ಗಂಟೆ ಆಯಿತು, ನನಗೆ ಬೇಜಾರು, ಅವನಿಗೆ ಹಸಿವು. ಕೊನೆಗೆ ಇನ್‌ಟೇಕ್ ಪೈಪಿನ ಹಿಂದೆ, ಕಣ್ಣಿಗೆ ಕಾಣದ ಕಡೆ ಕೈ ಹಾಕಿ ಜಡೆಯನ್ನು ಚಾಸಿ ಕಡೆಗೆ ಒತ್ತಿದೆ. ಅವನು ಕೂಗಿದ, ಭಾವಾ ಸೊನ್ನೆ ಸೊನ್ನೆ ಅಂತ.

ಮೊಬೈಲ್ ಒಳಗೆ ಹಾಕಿ ಫೋಟೋ ತೆಗೆದೆ. ಒಂದು ಪ್ಲಾಸ್ಟಿಕ್ ಕ್ಲಿಪ್ ಇಲ್ಲವೇ ಇಲ್ಲ, ತೂತು ಮಾತ್ರ ಇದೆ. ಜಡೆ ಜೋತು ಬಿದ್ದು ಒಂದು ಬ್ರಾಕೆಟ್ಟಿನ ಅಂಚಿಗೆ ತಿಕ್ಕುತ್ತಿದೆ. ಪೈಪು ಸವೆದು, ಒಳಗೆ ಬೂಸ್ಟ್ ಸೆನ್ಸರಿಗೆ ಹೋಗುವ ಒಂದು ವೈರಿನ ಸಿಪ್ಪೆ ಹೋಗಿ, ತಾಮ್ರ ಸಾಸಿವೆ ಕಾಳಿನಷ್ಟು ಕಾಣುತ್ತಿದೆ. ಅಷ್ಟೇ. ಸಾಸಿವೆ ಕಾಳು! ರೈಲ್ ಸೆನ್ಸರ್ ಇರುವುದು ಅಲ್ಲಿಂದ ಮೊಳದೂರ, ಅದರ ತಪ್ಪು ಏನೂ ಇಲ್ಲ ಪಾಪ.

ಇಪ್ಪತ್ನಾಲ್ಕು ವೋಲ್ಟ್

ಬಾಮೈದನಿಗೆ ಊಟ ಹಾಕಿಸಿ ಮೊದಲು.

ಆ ವೈರಿನಲ್ಲಿ ಎಳೆಗಳು ಕಡಿದಿಲ್ಲ, ಕಪ್ಪಾಗಿಲ್ಲ ಅಂತಾದರೆ ಅಂಟಿನ ಹೀಟ್ ಶ್ರಿಂಕ್ ಸಾಕು, ಆದರೆ ಅದನ್ನು ತೂರಿಸಲು ಆ ತುದಿಯ ಪಿನ್ನನ್ನು ಕಪ್ಲರ್‌ನಿಂದ ಹೊರಗೆ ತೆಗೆಯಬೇಕಾಗುತ್ತದೆ. ಪಿನ್ನಿಗೆ ಎರಡು ಲಾಕ್ ಇರುತ್ತದೆ, ಮೊದಲು ಬಣ್ಣದ ಪ್ಲಾಸ್ಟಿಕ್ ಪಟ್ಟಿ ಎತ್ತಿ, ಆಮೇಲೆ ಒಳಗಿನ ನಾಲಿಗೆ ಒತ್ತಿ. ಎಳೆದರೆ ಬರದಿದ್ದರೆ ಜೋರು ಮಾಡಬೇಡಿ. ಎಳೆ ಕಡಿದಿದ್ದರೆ ಅಷ್ಟು ಭಾಗ ಕತ್ತರಿಸಿ ಅದೇ ದಪ್ಪದ ವೈರು ಸೇರಿಸಿ ಕ್ರಿಂಪ್ ಮಾಡಿ. ಮೇಲೆ ಹೊಸ ಪೈಪ್, ಮತ್ತು ದಯವಿಟ್ಟು ಕ್ಲಿಪ್. ಬರೀ ಟೇಪ್ ಸುತ್ತಿ ಅದೇ ಅಂಚಿಗೆ ಬಿಟ್ಟರೆ ಮುಂದಿನ ವರ್ಷ ಇಲ್ಲೇ ಭೇಟಿಯಾಗುತ್ತೇವೆ.

ಇನ್ನೊಂದು ಕೇಳಬೇಕು. ಹಾಡಿನ ಸೆಟ್ಟಿಗೆ 12 ವೋಲ್ಟ್ ಎಲ್ಲಿಂದ ತೆಗೆದಿದ್ದೀರಿ?

ಶಿರಾಡಿ ಸವಾರ

ಒಂದು ಬ್ಯಾಟರಿಯಿಂದ. ಯಾಕೆ?

ಇಪ್ಪತ್ನಾಲ್ಕು ವೋಲ್ಟ್

ಫೋಟೋದ ಮೂಲೆಯಲ್ಲಿ ಒಂದು ಕೆಂಪು ವೈರು ಕಾಣಿಸಿತು, ಅದಕ್ಕೇ ಕೇಳಿದೆ. ಎರಡು ಬ್ಯಾಟರಿ ಸರಣಿಯಲ್ಲಿದ್ದಾಗ ಒಂದರಿಂದ ಮಾತ್ರ ಎಳೆದರೆ ಅದು ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಚಾರ್ಜ್ ಜಾಸ್ತಿಯಾಗಿ ನೀರು ಕುದಿಯುತ್ತದೆ. ವರ್ಷದೊಳಗೆ ಎರಡೂ ಹೋಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿಸಿ. ನಡುವೆ ಫ್ಯೂಸ್ ಇರಲಿ.

ಕ್ಲೀನರ್ ಆಗಿದ್ದವ

ಕಪ್ಲರ್ ಮತ್ತೆ ಹಾಕುವಾಗ ಒಳಗೆ ಗ್ರೀಸ್ ತುಂಬಬೇಕಾ? ನಮ್ಮ ಮೇಸ್ತ್ರಿ ಬೇರಿಂಗ್ ಗ್ರೀಸ್ ಹಚ್ಚುತ್ತಾರೆ.

ಬಂದರು ಗಾಡಿ

ಬೇರಿಂಗ್ ಗ್ರೀಸ್ ಬೇಡವೇ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಸೀಲಿಗೆ ಮಾತ್ರ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಶಿರಾಡಿ ಸವಾರ

ಹತ್ತು ದಿನ ಆಯಿತು. ಮೂರು ಸಲ ಗೊಬ್ಬರದ ಲೋಡ್ ಹಾಕಿಕೊಂಡು ಘಾಟ್ ಹತ್ತಿದೆ. ಒಂದು ಸಲ ಜೋರು ಮಳೆಯಲ್ಲಿ. ಆ ತಿರುವಿನ ಹತ್ತಿರ ಬಂದಾಗ ಕಾಲು ತಾನೇ ಎಕ್ಸಲೇಟರ್ ಬಿಡಲು ನೋಡಿತು, ಅಭ್ಯಾಸ. ಲೈಟು ಹತ್ತಲಿಲ್ಲ.

ಖರ್ಚು: ಟ್ಯೂಬು, ಪೈಪು, ಎರಡು ಕ್ಲಿಪ್, ಬಾಮೈದನ ಬಿರಿಯಾನಿ. ಬಿರಿಯಾನಿಯೇ ಜಾಸ್ತಿ. ಪಾನಾ ಅಣ್ಣಾ, ಟ್ಯಾಂಕಿನ ಜಾಲರಿಯನ್ನೂ ತೆಗೆದು ನೋಡಿದೆ. ಅರ್ಧ ಕಸ ಕಟ್ಟಿತ್ತು!

ಹಳೇ ಪಾನಾ

ಹೇಳಿದ್ದೆನಲ್ಲ.

ಅದಿರು ಲೋಡ್

ಸವಾರ ಅವರೇ, ಸುಮ್ಮನೆ ಬಿಚ್ಚಿದ ಹಳೇ ರೈಲ್ ಸೆನ್ಸರ್ ಇದೆಯಾ? ನಮ್ಮದೂ ಅದೇ ಎಂಜಿನ್. ಕೊಡುವುದಾದರೆ ಹೇಳಿ.

ಶಿರಾಡಿ ಸವಾರ

ಇದೆ. ಪೇಪರಿನಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಕೊಡುತ್ತೇನೆ, ಆದರೆ ಮೊದಲು ನಿಮ್ಮ ಕೋಡಿನ ಎರಡೂ ನಂಬರ್ ಇಲ್ಲಿ ಬರೆಯಿರಿ.